ಏಳನೇ ಬೆಡ್ಡಿನ ತೂಕ

ಗಡಿಯಾರದವರು ಆ ಗಿಳಿಯನ್ನು ಮೊದಲ ಸಲ ಕಂಡ ದಿನ ಅವರಿಗೆ ನೆಗಡಿಯಾಗಿತ್ತು. ಸಾಧಾರಣ ನೆಗಡಿಯಲ್ಲ, ಮೂಗು ಬೇರೆ ಸಂಸಾರ ಹೂಡಿಕೊಂಡು, ಮಿಕ್ಕ ಮುಖದೊಡನೆ ಮಾತು ಬಿಟ್ಟಂಥ ನೆಗಡಿ. ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ, ರಿಪೇರಿ ಮೇಜಿನ ಮುಂದೆ, ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಅವರು ಕುಳಿತಿದ್ದಾಗ ನಾದಿನಿ ಬಂದಳು. ಅವಳ ಕೈಯಲ್ಲಿ ಬಟ್ಟೆ ಹೊದಿಸಿದ ಒಂದು ಪಂಜರವಿತ್ತು.

"ಭಾವ, ನಾವು ಹೋಗ್ತಿರೋ ಮನೇಲಿ ಪ್ರಾಣಿ ಪಕ್ಷಿ ಸಾಕೋ ಹಾಗಿಲ್ವಂತೆ. ಇನ್ಮೇಲೆ ಇದು ನಿಮ್ಮದು" ಎಂದು ಅವಳು ಬಟ್ಟೆ ಸರಿಸಿದಳು.

ಒಳಗಿದ್ದ ಹಸಿರು ಗಿಳಿ ತಲೆಯನ್ನು ಓರೆ ಮಾಡಿ ಒಂದು ಕಣ್ಣಿನಿಂದ ಗಡಿಯಾರದವರನ್ನು ನೋಡಿತು. ಗಡಿಯಾರದವರೂ ಭೂತಗನ್ನಡಿ ಕಚ್ಚಿಸಿಕೊಂಡಿದ್ದ ಒಂದು ಕಣ್ಣಿನಿಂದ ಅದನ್ನು ನೋಡಿದರು. ಹೀಗೆ ಪರಸ್ಪರ ಪರಿಚಯವಾಗುತ್ತಿರುವಾಗಲೇ ಅವರಿಗೆ ಸೀನು ಬಂತು.

ಅಡುಗೆಮನೆಯಿಂದ ಅವರ ಹೆಂಡತಿ ಓಡಿಬಂದರು. ಗಂಡನ ಸೀನಿಗೆ ಅವರು ಓಡಿಬಂದದ್ದು ಮೂವತ್ತೊಂದು ವರ್ಷಗಳ ದಾಂಪತ್ಯದಲ್ಲಿ ಅದೇ ಮೊದಲು. ಗಡಿಯಾರದವರ ಎದೆ ತುಂಬಿ ಬಂತು. ಕೈ ಚಾಚಿದರು. ಹೆಂಡತಿ ಆ ಕೈಯನ್ನು ದಾಟಿ ಮುಂದೆ ಹೋಗಿ ಪಂಜರವನ್ನೆತ್ತಿ ಎದೆಗವಚಿಕೊಂಡರು.

"ಏನ್ರೀ ನೀವು, ಆ ಕಡೆ ತಿರುಗಿ ಸೀನಬಾರ್ದಾ? ಪಾಪ, ಅಂಗೈಯಷ್ಟು ಜೀವ! ಇದಕ್ಕೆ ತಗುಲಿದ್ರೆ ಏನು ಗತಿ?"

"ನನಗೆ ತಗುಲಿದೆಯಲ್ಲ, ಅದಕ್ಕೇನು ಗತಿ?"

"ನಿಮಗೇನಾಗಿದೆ! ನೀರು ಕುಡಿದು ಮಲಗಿ."

ಈ ಔಷಧ ಗಡಿಯಾರದವರಿಗೆ ಹೊಸದಲ್ಲ. ಹೆಂಡತಿ ಊರಿನ ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದಾದಿಯಾಗಿದ್ದು, ಹಿರಿಯ ದಾದಿಯಾಗಿ, ಎರಡು ತಿಂಗಳ ಹಿಂದಷ್ಟೇ ನಿವೃತ್ತರಾಗಿದ್ದರು. ಬೀದಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಸಿಸ್ಟರಮ್ಮ. (ಹಾಗೆ ಕರೆಯುವ ಸವಲತ್ತು ಇಲ್ಲದಿದ್ದವರು ಬೀದಿಗೆಲ್ಲ ಗಡಿಯಾರದವರೊಬ್ಬರೇ.) ಹೆರಿಗೆ ನೋವನ್ನು ದಿನಕ್ಕೆ ಹತ್ತು ಸಲ ಕಂಡ ಕಣ್ಣಿಗೆ ಗಂಡಸಿನ ನೋವು ಯಾವುದೂ ನೋವಾಗಿ ಕಾಣುತ್ತಿರಲಿಲ್ಲ. ಒಮ್ಮೆ ಗೋಡೆ ಗಡಿಯಾರದ ಸ್ಪ್ರಿಂಗು ಸಿಡಿದು ಗಡಿಯಾರದವರ ಹೆಬ್ಬೆರಳು ಸೀಳಿದಾಗ ಸಿಸ್ಟರಮ್ಮ ಅದಕ್ಕೆ ಬಟ್ಟೆ ಸುತ್ತುತ್ತ, "ಇವತ್ತು ಒಬ್ಬಾಕೆ ಅವಳಿ ಹೆತ್ತಳು, ಕಮಕ್ ಕಿಮಕ್ ಅನ್ನಲಿಲ್ಲ" ಎಂದಿದ್ದರು. ಊರಿನ ಅರ್ಧ ಜನದ ನಾಡಿ ನೋಡಿದ ಆ ಬೆರಳುಗಳು ಗಡಿಯಾರದವರ ಮಣಿಕಟ್ಟಿನ ಮೇಲೆ ಒಂದು ಸಲವೂ ಕುಳಿತಿರಲಿಲ್ಲ. ಕೈ ಹಿಡಿದಿದ್ದರು, ನಾಡಿ ಹಿಡಿದಿರಲಿಲ್ಲ. ಗಡಿಯಾರದವರು ಇದನ್ನು ಯಾರಲ್ಲೂ ಹೇಳಿಕೊಂಡವರಲ್ಲ. ಆದರೆ ಮರೆತವರೂ ಅಲ್ಲ.

ಗಿಳಿ ಬಂದ ಮರುದಿನವೇ ಮುಂದಿನ ಕೋಣೆ ವಾರ್ಡಾಯಿತು. ನಿವೃತ್ತಿಯಾದಂದಿನಿಂದ ಸಿಸ್ಟರಮ್ಮ ಅಡುಗೆಮನೆಯ ಡಬ್ಬಿಗಳನ್ನು ಎರಡು ಸಾಲಾಗಿ ಮಲಗಿಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅವುಗಳ ನಡುವೆ ರೌಂಡ್ಸ್ ಹೊಡೆಯುತ್ತಿದ್ದರು. ಈಗ ಅವರಿಗೆ ನಿಜವಾದ ರೋಗಿ ಸಿಕ್ಕಿತು. (ರೋಗವೊಂದು ಇರಲಿಲ್ಲ, ಅದನ್ನು ಅವರು ಕೊರತೆಯೆಂದು ಎಣಿಸಲಿಲ್ಲ.) ಪಂಜರಕ್ಕೆ ಕಿಟಕಿಯ ಬಳಿ, ಎಳೆ ಬಿಸಿಲು ಬೀಳುವ ಜಾಗವೇ ಆಗಬೇಕೆಂದರು. ಗಡಿಯಾರದವರ ರಿಪೇರಿ ಮೇಜು ಬೆಳಕಿಲ್ಲದ ಮೂಲೆಗೆ ಸರಿಯಿತು. ಹಳೆಯ ವಾರ್ಡಿನಲ್ಲಿ ಅಂಥ ಬಿಸಿಲು ಬೀಳುತ್ತಿದ್ದುದು ಏಳನೇ ಬೆಡ್ಡಿಗಂತೆ. ಹಾಗಾಗಿ ಗಿಳಿಗೆ ಬೇರೆ ಹೆಸರು ಹುಡುಕಬೇಕಾಗಲಿಲ್ಲ.

"ಏಳನೇ ಬೆಡ್ಡು ನೀರು ಕುಡೀತಾ?"

"ಏಳನೇ ಬೆಡ್ಡಿನ ಹತ್ರ ಜೋರಾಗಿ ಮಾತಾಡ್ಬೇಡಿ."

ನಾದಿನಿ ಬಿಟ್ಟುಹೋದ ಹಾಳೆಯೊಂದರಲ್ಲಿ ಪಶುವೈದ್ಯೆ ಬರೆದುಕೊಟ್ಟ ಸೂಚನೆಗಳಿದ್ದವು. ಗಿಳಿಗೆ ಉಪ್ಪು ಕೂಡದು, ಚಾಕೊಲೇಟು ವಿಷ, ಸೇಬು ಕೊಟ್ಟರೆ ಬೀಜ ತೆಗೆದು ಕೊಡಬೇಕು. ಅಂಟದ ಲೇಪನದ ಬಾಣಲೆ ವಿಪರೀತ ಕಾದರೆ ಅದರ ಹೊಗೆಗೆ ಹಕ್ಕಿಯ ಪ್ರಾಣವೇ ಹೋದೀತು. ಸೆಂಟಿನ ಘಾಟು ಆಗದು. ರಾತ್ರಿ ಕತ್ತಲೆಯಲ್ಲಿ ಹನ್ನೆರಡು ತಾಸು ನಿದ್ದೆ ಬೇಕು. ಬೆಚ್ಚಿಬೀಳಿಸುವ ಸದ್ದು ಇರಬಾರದು. ಸಿಸ್ಟರಮ್ಮ ಇದನ್ನು ಎರಡು ಸಲ ಓದಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರ್ಯಕ್ಕಿಳಿದರು. ಬಾಣಲೆ ಪಕ್ಕದ ಮನೆಗೆ ಹೋಯಿತು. ಗಡಿಯಾರದವರ ಕ್ಷೌರದ ಸೆಂಟು ಚರಂಡಿಗೆ ಹೋಯಿತು. ಸಂಜೆ ಏಳಕ್ಕೆ ದೀಪ ಆರಿ, ಗಂಡ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕದ್ದು ತಿನ್ನುವವರಂತೆ ಪಿಸುಮಾತಿನಲ್ಲಿ ಊಟ ಮಾಡತೊಡಗಿದರು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಗಡಿಯಾರಗಳಿಗೆ. ಮುಂದಿನ ಕೋಣೆಯ ಗೋಡೆಯ ಮೇಲೆ ಒಂಬತ್ತು ಗಡಿಯಾರಗಳಿದ್ದವು. ಒಂಬತ್ತೂ ಒಂದೇ ಕ್ಷಣದಲ್ಲಿ ಗಂಟೆ ಹೊಡೆಯುವಂತೆ ಮಾಡಲು ಗಡಿಯಾರದವರಿಗೆ ಹನ್ನೊಂದು ವರ್ಷ ಹಿಡಿದಿತ್ತು. ಸಿಸ್ಟರಮ್ಮ ಹನ್ನೊಂದು ನಿಮಿಷದಲ್ಲಿ ಒಂಬತ್ತರ ಬಾಯಿಗೂ ಹತ್ತಿ ತುರುಕಿದರು. ಅಂದಿನಿಂದ ಗಂಟೆಗೊಮ್ಮೆ ಗೋಡೆಯ ಮೇಲೆ ಒಂಬತ್ತು ಮಂದಿ ಮೂಗರು ನರಳಿದಂಥ ಸದ್ದು ಮಾತ್ರ ಬರುತ್ತಿತ್ತು.

ಬೆಳಗಿನ ಮೊದಲ ಕೆಲಸ ತೂಕ. ಗಿಳಿ ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ, ತೂಕವೊಂದೇ ಅದರ ಗುಟ್ಟನ್ನು ಬಿಟ್ಟುಕೊಡುವುದು, ಆದ್ದರಿಂದ ದಿನವೂ ಖಾಲಿ ಹೊಟ್ಟೆಯಲ್ಲಿ ತೂಗಬೇಕು ಎಂದು ಹಾಳೆಯಲ್ಲಿತ್ತು. ಹಿಟ್ಟು ತೂಗುವ ಪುಟ್ಟ ತಕ್ಕಡಿಯ ಮೇಲೆ ಗಡಿಯಾರದವರು ಒಂದು ಕಡ್ಡಿ ಕೂರಿಸಿಕೊಟ್ಟರು. ಗಿಳಿ ಅದರ ಮೇಲೆ ಹತ್ತಿ ಕೂರುತ್ತಿತ್ತು. ತಕ್ಕಡಿ ಓದುವ ಕೆಲಸ ಅವರದು. ಗೋಡೆಗೆ ನೇತುಹಾಕಿದ ಚಾರ್ಟಿನಲ್ಲಿ ಬರೆಯುವ ಕೆಲಸ ಸಿಸ್ಟರಮ್ಮನದು.

"ನಮ್ಮ ವಾರ್ಡಿನ ಪದ್ಧತಿ ಇದು. ಒಬ್ರು ಓದ್ಬೇಕು, ಒಬ್ರು ಬರೀಬೇಕು" ಎಂದರು ಸಿಸ್ಟರಮ್ಮ.

"ನೀನೇ ಓದಿ ನೀನೇ ಬರೆದ್ರೆ ಏನಾಗುತ್ತೆ?"

"ಆಮೇಲೆ ತಪ್ಪಿಗೆ ವಾರಸುದಾರರೇ ಇರೋದಿಲ್ಲ. ಬರೆಯೋರು ಓದೋರನ್ನ ಅನುಮಾನಿಸಬಾರದು. ಮೂವತ್ತು ವರ್ಷದಲ್ಲಿ ನಮ್ಮಲ್ಲಿ ಒಬ್ರೂ ಸುಳ್ಳು ಓದಿದ್ದಿಲ್ಲ. ಹೂಂ, ಓದಿ."

"ನೂರ ಹದಿನೆಂಟು ಗ್ರಾಮು."

ಹನ್ನೊಂದು ಗಂಟೆಗೆ ಏಳನೇ ಬೆಡ್ಡಿಗೆ ತಟ್ಟೆ ಬರುತ್ತಿತ್ತು. ಬೀಜ ತೆಗೆದು, ಸಿಪ್ಪೆ ಹೆರೆದು, ಉಗುರಿನಷ್ಟಕ್ಕೆ ಹೆಚ್ಚಿದ ಸೇಬು, ಒಂದೊಂದಾಗಿ ಬಿಡಿಸಿದ ದಾಳಿಂಬೆ ಕಾಳು, ಎಳೆ ಬಟಾಣಿ, ಎರಡು ಚೂರು ಅಕ್ರೋಟು. ಬೆಳಿಗ್ಗೆ ನಿನ್ನೆಯ ಬ್ರೆಡ್ಡು ತಿಂದ ಗಡಿಯಾರದವರು ಮೂಲೆಯ ಕತ್ತಲಲ್ಲಿ ಕುಳಿತು ಈ ಮೆರವಣಿಗೆಯನ್ನು ನೋಡುತ್ತಿದ್ದರು. ತಟ್ಟೆ ಇಟ್ಟು ಸಿಸ್ಟರಮ್ಮ ಒಳಗೆ ಹೋದರೆ ಒಂದು ಗಂಟೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ರೋಗಿಗೆ ಊಟದ ಹೊತ್ತಿನಲ್ಲಿ ನೆಮ್ಮದಿ ಬೇಕು.

ಒಂದು ದಿನ ಗಿಳಿ ಒಂದು ಚೂರು ಸೇಬನ್ನು ಕೊಕ್ಕಿನಲ್ಲೆತ್ತಿ, ತಿರುಗಿಸಿ ನೋಡಿ, ಸರಳಿನ ಸಂದಿಯಿಂದ ಹೊರಕ್ಕೆಸೆಯಿತು. ಅದು ನೇರವಾಗಿ ಗಡಿಯಾರದವರ ಮೊಣಕಾಲಿನ ಮೇಲೆ ಬಿತ್ತು. ನೆಲಕ್ಕೆ ಬಿದ್ದಿದ್ದರೆ ಇರುವೆಗಾದರೂ ಸಿಕ್ಕುತ್ತಿತ್ತು; ಮೊಣಕಾಲಿನ ಮೇಲಿನದನ್ನು ಏನು ಮಾಡುವುದು? ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಬೀಜ ಸಿಗಲಿಲ್ಲ, ಸಿಪ್ಪೆ ಸಿಗಲಿಲ್ಲ. ಅವರಿಗಾಗಿ ಯಾರಾದರೂ ಸೇಬಿನ ಬೀಜ ತೆಗೆದು ಎಷ್ಟು ಕಾಲವಾಯಿತೆಂದು ನೆನಪಿಸಿಕೊಳ್ಳಲು ಹೊರಟು, ಎರಡನೆಯ ಚೂರಿಗೆ ಕೈ ಚಾಚಿದರು.

ಅಂದಿನಿಂದ ಒಂದು ಒಪ್ಪಂದವಾಯಿತು. ಗಿಳಿಗೊಂದು ಚೂರು, ಅವರಿಗೊಂದು. ಗಿಳಿ ಉದಾರಿ; ಕೆಲವು ದಿನ ತಾನೇ ದಾಳಿಂಬೆ ಕಾಳೊಂದನ್ನು ಕೊಕ್ಕಿನ ತುದಿಯಲ್ಲಿ ಹಿಡಿದು ಸಂದಿಯಿಂದ ಹೊರಗೆ ಚಾಚುತ್ತಿತ್ತು. ಗಡಿಯಾರದವರು ಅದಕ್ಕೆ ತಮ್ಮ ಚಿಮಟದ ತುದಿಯಿಂದ ತಲೆಯ ಗರಿ ಬಾಚುತ್ತ, ಮೇಜಿನ ಮೇಲಿದ್ದ ಗಡಿಯಾರದ ಕಾಯಿಲೆಯನ್ನು ವಿವರಿಸುತ್ತಿದ್ದರು. ಗಿಳಿ ಮಾತಾಡುವ ಜಾತಿಯೆಂದು ಹೆಸರು; ಇದು ಒಂದಕ್ಷರವನ್ನೂ ಆಡಲಿಲ್ಲ. ಕೇಳುವ ಜಾತಿಯದಿರಬೇಕು. ಗಡಿಯಾರದವರಿಗೆ ಅಂಥವರು ಬದುಕಿನಲ್ಲಿ ಸಿಕ್ಕಿದ್ದೇ ಕಡಿಮೆ.

"ತಟ್ಟೆ ಪೂರ್ತಿ ಖಾಲಿ!" ಎಂದು ಸಿಸ್ಟರಮ್ಮ ಹಿಗ್ಗಿದರು. ಮರುದಿನ ತಟ್ಟೆ ದೊಡ್ಡದಾಯಿತು. ಅದೂ ಖಾಲಿಯಾಯಿತು. ಅಕ್ರೋಟು ಎರಡರಿಂದ ಆರಕ್ಕೇರಿತು. ಆದರೆ ತೂಕ ಮಾತ್ರ ನೂರ ಹದಿನೆಂಟನ್ನು ಬಿಟ್ಟು ಕದಲಲಿಲ್ಲ.

"ಇಷ್ಟು ತಿಂದದ್ದು ಎಲ್ಲಿಗೆ ಹೋಗ್ತಿದೇರೀ?" ಸಿಸ್ಟರಮ್ಮನ ಹುಬ್ಬು ಗಂಟಿಕ್ಕಿತು. "ಒಳಗೇ ಏನೋ ಕಾಯಿಲೆ ಇದೆ."

ಅವರ ಮುಖ ಕಳೆಗುಂದಿತು. ಒಂದು ಹೊತ್ತಿನ ಊಟ ಬಿಟ್ಟರು. ಗಡಿಯಾರದವರಿಗೆ ಕರುಳು ಚುರುಕ್ಕೆಂದಿತು. (ಕರುಳಿನಲ್ಲಿ ದಾಳಿಂಬೆಯೂ ಇತ್ತು.) ಮರುದಿನ ಬೆಳಿಗ್ಗೆ ತಕ್ಕಡಿ ನೂರ ಹದಿನೆಂಟು ತೋರಿಸಿತು. ಗಡಿಯಾರದವರು ಗಂಟಲು ಸರಿಮಾಡಿಕೊಂಡು, "ನೂರ ಇಪ್ಪತ್ತು" ಎಂದು ಓದಿದರು.

ಸಿಸ್ಟರಮ್ಮ ನಕ್ಕರು. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು. ಇಂಥದ್ದೊಂದು ನಗುವಿಗೆ ಎರಡು ಗ್ರಾಮು ಹೆಚ್ಚಲ್ಲವೆಂದು ಗಡಿಯಾರದವರಿಗೆ ತೋರಿತು. ಎರಡು ದಿನ ಬಿಟ್ಟು ನೂರ ಇಪ್ಪತ್ತೆರಡೆಂದರು. ಆಮೇಲೆ ನೂರ ಇಪ್ಪತ್ತೈದು. ಜೀವಮಾನವಿಡೀ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ನಿದ್ದೆಗೆಟ್ಟ ಮನುಷ್ಯ ಎರಡು ತಿಂಗಳಲ್ಲಿ ಒಂದು ಗಿಳಿಯ ಮೇಲೆ ಇಪ್ಪತ್ತೆಂಟು ಗ್ರಾಮು ಹೇರಿದರು. ಗಿಳಿ ನೂರ ನಲವತ್ತಾರು ತಲುಪಿದ ಬೆಳಿಗ್ಗೆ ಸಿಸ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು, ಪಂಜರದ ಹತ್ತಿರ ಬಂದು, ಉಬ್ಬಿಕೊಂಡು ತೂಕಡಿಸುತ್ತಿದ್ದ ಗಿಳಿಯನ್ನು ಬಹಳ ಹೊತ್ತು ನೋಡಿದರು. ಆ ನೋಟ ಗಡಿಯಾರದವರಿಗೆ ಹೊಸದು. ಹೆರಿಗೆ ವಾರ್ಡಿನವರಿಗೆ ಹಳೆಯದು.

"ರೀ," ಎಂದರು ಮೆಲ್ಲಗೆ, "ಇದು ಮೊಟ್ಟೆ."

"ಯಾವುದು?"

"ಒಳಗೆ ಮೊಟ್ಟೆ ನಿಂತಿದೆ. ನಾನು ಎಷ್ಟು ಜನ ಬಸುರಿಯರನ್ನ ನೋಡಿಲ್ಲ! ಮುಖದ ಕಳೆ ನೋಡಿದ್ರೆ ಗೊತ್ತಾಗಲ್ವಾ?"

ಗಡಿಯಾರದವರು ಗಿಳಿಯ ಮುಖ ನೋಡಿದರು. ಅದರಲ್ಲಿ ಮುಖ್ಯವಾಗಿ ಕೊಕ್ಕಿತ್ತು.

ಫೋನಿನಲ್ಲಿ ನಾದಿನಿ, "ಅಕ್ಕಾ, ಅದು ಗಂಡು ಅಂತ ಕೊಟ್ಟೋರು ಹೇಳಿದ್ರಲ್ಲ!" ಎಂದಳು.

"ಕೊಟ್ಟೋರು ಎಷ್ಟು ಹೆರಿಗೆ ಮಾಡಿಸಿದಾರೆ?" ಎಂದು ಸಿಸ್ಟರಮ್ಮ ಕೇಳಿದರು.

ಹೆರಿಗೆಯ ಸಿದ್ಧತೆ ನಡೆಯಿತು. ಗಡಿಯಾರದವರ ಬಿಡಿಭಾಗಗಳ ಮರದ ಪೆಟ್ಟಿಗೆ ಖಾಲಿಯಾಗಿ, ಮರದ ಹೊಟ್ಟು ತುಂಬಿಕೊಂಡು ಪಂಜರದೊಳಗೆ ಹೋಯಿತು. ಪಕ್ಕದಲ್ಲಿ ಬೆಚ್ಚಗಿನ ದೀಪ ಬಂತು. ಅದು ಗಡಿಯಾರದವರ ಮೇಜಿನ ದೀಪವೇ. ಅವರಿಗೂ ಹುದ್ದೆ ದೊರೆಯಿತು. ಮೊಟ್ಟೆಯಿಡಲು ತಿಣುಕುವ ಹಕ್ಕಿಯ ಬಾಲ ಆಡುತ್ತದಂತೆ; ಗಿಳಿಯ ಬಾಲ ನಿಮಿಷಕ್ಕೆ ಎಷ್ಟು ಸಲ ಅಲ್ಲಾಡುತ್ತದೆಂದು ಕೈಗಡಿಯಾರ ಹಿಡಿದು ಎಣಿಸುವುದು. ಬಾಲ ಅಲ್ಲಾಡಲಿಲ್ಲ. ಮೊಟ್ಟೆಯೂ ಬರಲಿಲ್ಲ.

ಈಗ ಗಡಿಯಾರದವರಿಗೆ ಗಿಳಿಯನ್ನು ಹೇಗಾದರೂ ಕೆಳಗಿಳಿಸಬೇಕಾಗಿತ್ತು. ನೂರ ನಲವತ್ತಾರಕ್ಕೇ ನಿಲ್ಲಿಸಿ ಮೂರು ದಿನ ನೋಡಿದರು. "ನಿಂತುಬಿಟ್ಟಿದೆ! ಮೊಟ್ಟೆ ಸಿಕ್ಕಿಹಾಕಿಕೊಂಡಿದೆ" ಎಂದರು ಸಿಸ್ಟರಮ್ಮ. ನಾಲ್ಕನೆಯ ದಿನ ಧೈರ್ಯ ಮಾಡಿ ನೂರ ನಲವತ್ತನಾಲ್ಕೆಂದು ಓದಿದರು.

ಸಿಸ್ಟರಮ್ಮ ಚಾರ್ಟಿನಿಂದ ತಲೆಯೆತ್ತಿದರು. "ಇಳೀತಾ ಇದೆ! ಒಳಗೇ ಒಡೆದಿರ್ಬೇಕು. ನಾಳೆ ಹತ್ತು ಗಂಟೆಗೆ ಡಾಕ್ಟ್ರ ಹತ್ರ ಹೋಗೋದೇ. ಅಗತ್ಯ ಬಿದ್ರೆ ಹೊಟ್ಟೆ ಕೊಯ್ದಾದ್ರೂ ತೆಗೀಲಿ. ತಾಯಿ ಉಳೀಬೇಕು."

ಗಡಿಯಾರದವರು ಪಂಜರದ ಕಡೆ ನೋಡಿದರು. ಗಿಳಿ ಅವರಿಗಾಗಿ ಒಂದು ದಾಳಿಂಬೆ ಕಾಳು ಹಿಡಿದುಕೊಂಡು ಕಾಯುತ್ತಿತ್ತು. "ನೋಡೇ, ಆ ತಕ್ಕಡಿ ಇದೆಯಲ್ಲ..." ಎಂದು ಗಡಿಯಾರದವರು ಬಾಯಿ ತೆರೆದರು.

"ತಕ್ಕಡಿಗೇನಾಗಿದೆ? ಓದಿದೋರು ನೀವು. ನಿಮ್ಮ ಗಡಿಯಾರ ಒಂದು ಸೆಕೆಂಡು ತಪ್ಪಿದ್ದನ್ನ ನಾನು ಮೂವತ್ತೊಂದು ವರ್ಷದಲ್ಲಿ ನೋಡಿಲ್ಲ. ನಿಮ್ಮನ್ನ ನಂಬದೆ ಇನ್ನಾರನ್ನ ನಂಬಲಿ?"

ಮೂವತ್ತೊಂದು ವರ್ಷದಲ್ಲಿ ಹೆಂಡತಿ ಅವರನ್ನು ಹೊಗಳಿದ್ದು ಅದೊಂದೇ ಸಲ. ಅದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಸಿಕ್ಕುವಂತಿರಲಿಲ್ಲ.

ಪಶುವೈದ್ಯೆ ಚಿಕ್ಕ ವಯಸ್ಸಿನವಳು, ನಿಧಾನಸ್ಥೆ. ಎರಡು ತಿಂಗಳ ಚಾರ್ಟನ್ನು ಮೇಜಿನ ಮೇಲೆ ಹರಡಿ, "ಇಷ್ಟು ಅಚ್ಚುಕಟ್ಟಾದ ಚಾರ್ಟು ನಾನು ಆಸ್ಪತ್ರೇಲೂ ನೋಡಿಲ್ಲ ಸಿಸ್ಟರ್" ಎಂದಳು. ಸಿಸ್ಟರಮ್ಮ ಬೀಗಿದರು. ವೈದ್ಯೆ ಗಿಳಿಯನ್ನು ತನ್ನ ತಕ್ಕಡಿಯ ಮೇಲೆ ಕೂರಿಸಿ ಬಗ್ಗಿ ನೋಡಿದಳು.

"ನೂರ ಹದಿನೆಂಟು."

"ನಿಮ್ಮ ತಕ್ಕಡಿ ಕೆಟ್ಟಿದೆ" ಎಂದರು ಸಿಸ್ಟರಮ್ಮ.

ವೈದ್ಯೆ ಇನ್ನೊಂದು ತಕ್ಕಡಿ ತಂದಳು. ಅದೂ ಅಷ್ಟೇ ಹೇಳಿತು. ಗಿಳಿಯ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, "ನನಗೆ ಮೊಟ್ಟೆ ಸಿಗ್ತಿಲ್ಲ. ಆದರೆ ಚಾರ್ಟು ಹೀಗಿದ್ರೆ ಸುಮ್ಮನೆ ಬಿಡೋಕೂ ಆಗಲ್ಲ. ಮಂಪರು ಕೊಟ್ಟು ಎಕ್ಸ್‌ರೇ ತೆಗೆಯೋಣ. ಸಣ್ಣ ಹಕ್ಕಿ, ಸ್ವಲ್ಪ ಅಪಾಯ ಇದ್ದೇ ಇದೆ. ಒಪ್ಪಿಗೇನಾ?" ಎಂದಳು.

"ಒಪ್ಪಿಗೆ" ಎಂದರು ಸಿಸ್ಟರಮ್ಮ, ಕಣ್ಣೊರೆಸಿಕೊಂಡು.

ವೈದ್ಯೆ ಡ್ರಾಯರಿನಿಂದ ಮಂಪರಿನ ಮುಖವಾಡವನ್ನು ತೆಗೆದಳು. ಅದು ದರ್ಜಿಯ ಬೆರಳ ಟೋಪಿಗಿಂತ ದೊಡ್ಡದಿರಲಿಲ್ಲ. ಗಡಿಯಾರದವರು ಸಣ್ಣ ವಸ್ತುಗಳ ನಡುವೆಯೇ ಬದುಕಿದವರು. ಆದರೆ ಅಷ್ಟು ಸಣ್ಣದು ಅಷ್ಟು ಭಯ ಹುಟ್ಟಿಸಿದ್ದನ್ನು ಕಂಡಿರಲಿಲ್ಲ. ಎದ್ದು ನಿಂತರು.

"ಮೊಟ್ಟೆ ಇಲ್ಲ" ಎಂದರು. "ದಾಳಿಂಬೆ ನನ್ನ ಹೊಟ್ಟೇಲಿದೆ."

ಹೊರಗೆ ಸರದಿಗಾಗಿ ಕಾಯುತ್ತಿದ್ದ ನಾಯಿಯೊಂದು ಒಮ್ಮೆ ಬೊಗಳಿತು. ಗಡಿಯಾರದವರು ಎಲ್ಲವನ್ನೂ ಹೇಳಿದರು. ಮೊಣಕಾಲಿನ ಮೇಲೆ ಬಿದ್ದ ಸೇಬು, ಒಪ್ಪಂದ, ಮೊದಲ ಎರಡು ಗ್ರಾಮು, ಕೊನೆಯ ಇಪ್ಪತ್ತೆಂಟು. ಸಿಸ್ಟರಮ್ಮ ರೋಗಿಯನ್ನು ವಿಚಾರಿಸುವ ದನಿಯಲ್ಲೇ ಕೇಳಿದರು.

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು."

"ನಾನು ಮನೇಲಿ ಹಸಿವಾಗೋ ಹಾಗೆ ಇಟ್ಟಿದ್ನಾ ನಿಮ್ಮನ್ನ?"

"ಹಸಿವಲ್ಲ."

"ಮತ್ತೆ?"

ಗಡಿಯಾರದವರು ನೆಲ ನೋಡಿದರು. "ಬೀಜ ತೆಗೆದಿರ್ತಿತ್ತು" ಎಂದರು.

ಸಿಸ್ಟರಮ್ಮ ಕೋಣೆಯ ಮೂಲೆಯಲ್ಲಿದ್ದ, ದೊಡ್ಡ ನಾಯಿಗಳನ್ನು ತೂಗುವ ಹಲಗೆಯ ಕಡೆಗೆ ಬೆರಳು ತೋರಿಸಿದರು.

"ಹತ್ತಿ."

"ನೋಡೇ, ಎಲ್ಲರೆದುರಿಗೆ..."

"ಹತ್ತಿ ಅಂದೆ."

ಗಡಿಯಾರದವರು ನಾಯಿಗಳ ಹಲಗೆ ಹತ್ತಿ ನಿಂತರು. ವೈದ್ಯೆ ಓದಿದಳು: "ಅರವತ್ತಾರೂವರೆ."

"ಅರವತ್ತೆರಡೂವರೆ ಇದ್ದೋರು" ಎಂದರು ಸಿಸ್ಟರಮ್ಮ, ಯಾವ ಚಾರ್ಟನ್ನೂ ನೋಡದೆ. "ಮದುವೆಯಾದಾಗಿನಿಂದ ಅದೇ ತೂಕ. ನಾಲ್ಕು ಕಿಲೋ ಏರಿದಾರೆ. ಡಾಕ್ಟ್ರೇ, ನೋಡಿ ಹೇಳಿ, ಇವರಿಗೆ ಎಷ್ಟನೇ ತಿಂಗಳು?"

ವೈದ್ಯೆ ನಗು ತಡೆಯಲು ಕಪಾಟಿನ ಕಡೆ ತಿರುಗಿದಳು. ಗಡಿಯಾರದವರು ಮಾತ್ರ ಹಲಗೆಯ ಮೇಲೆ ನಿಂತಲ್ಲೇ ಯೋಚಿಸುತ್ತಿದ್ದರು. ತಮ್ಮ ತೂಕ ಇವಳಿಗೆ ಹೇಗೆ ಗೊತ್ತು? ಯಾವತ್ತು ತೂಗಿದಳು? ಮನೆಗೆ ಬರುವಾಗ ದಾರಿಯಲ್ಲಿ ಕೇಳಿಯೇಬಿಟ್ಟರು.

"ಬೆಲ್ಟಿನ ತೂತು ನೋಡಿದ್ರೆ ಗೊತ್ತಾಗಲ್ವಾ?" ಎಂದು ಸಿಸ್ಟರಮ್ಮ ಪಂಜರವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಮೂವತ್ತೊಂದು ವರ್ಷದಿಂದ ಮೂರನೇ ತೂತು. ಹೋದ ತಿಂಗಳು ಐದಕ್ಕೆ ಬಂತು. ವಯಸ್ಸಾಯ್ತೇನೋ ಅಂದ್ಕೊಂಡೆ."

ಈಚೆಗೆ ಮುಂದಿನ ಕೋಣೆಯ ಗೋಡೆಯ ಮೇಲೆ ಎರಡು ಚಾರ್ಟುಗಳಿವೆ. ಏಳನೇ ಬೆಡ್ಡಿನದು ಒಂದು, ಎಂಟನೇ ಬೆಡ್ಡಿನದು ಇನ್ನೊಂದು. ಒಂಬತ್ತು ಗಡಿಯಾರಗಳಲ್ಲಿ ಒಂದರ ಬಾಯಿಂದ ಹತ್ತಿ ತೆಗೆಯಲಾಗಿದೆ. ಏಳನೇ ಬೆಡ್ಡು ಆ ಸದ್ದಿಗೆ ಒಗ್ಗಿದ ಮೇಲೆ ಮುಂದಿನದನ್ನು ನೋಡೋಣವೆಂದು ಸಿಸ್ಟರಮ್ಮ ಹೇಳಿದ್ದಾರೆ. ಹನ್ನೊಂದು ಗಂಟೆಗೆ ಎರಡು ತಟ್ಟೆಗಳು ಬರುತ್ತವೆ. ಏಳನೆಯದಕ್ಕೆ ದಾಳಿಂಬೆ, ಸೇಬು. ಎಂಟನೆಯದಕ್ಕೆ ಉಪ್ಪಿಲ್ಲದೆ ಬೇಯಿಸಿದ ಕ್ಯಾರೆಟ್ಟು. ಗಿಳಿ ಹಳೆಯ ಒಪ್ಪಂದವನ್ನು ಮರೆತಿಲ್ಲ; ಕೊಕ್ಕಿನ ತುದಿಯಲ್ಲಿ ಕಾಳು ಹಿಡಿದು ಸಂದಿಯಿಂದ ಚಾಚುತ್ತದೆ. ಗಡಿಯಾರದವರು ಬಾಗಿಲ ಕಡೆ ನೋಡಿ, "ಬೇಡ ಕಣೋ, ಬರೆದಿಡ್ತಾಳೆ" ಎಂದು ಕ್ಯಾರೆಟ್ಟಿಗೆ ಮರಳುತ್ತಾರೆ.

ಬೆಳಿಗ್ಗೆ ತೂಕಕ್ಕೆ ಮುಂಚೆ ನಾಡಿ. ಸಿಸ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತು, ಎರಡು ಬೆರಳನ್ನು ಗಡಿಯಾರದವರ ಮಣಿಕಟ್ಟಿನ ಮೇಲಿಡುತ್ತಾರೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕೆಂಬುದು ವಾರ್ಡಿನ ಎಳೆಯ ದಾದಿಗೂ ಗೊತ್ತು. ಸಿಸ್ಟರಮ್ಮ ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಕೆಲವು ದಿನ ಒಂದೂಕಾಲು. ನಿಮಿಷವೆಂದರೆ ಎಷ್ಟೆಂದು ಗಡಿಯಾರದವರಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿಲ್ಲ. ಅವರು ಆ ಬಗ್ಗೆ ಏನೂ ಹೇಳುವುದಿಲ್ಲ.

ಆಮೇಲೆ ಗಡಿಯಾರದವರು ಹತ್ತಿ ನಿಲ್ಲಲೆಂದೇ ತಂದ ಮುಳ್ಳಿನ ತಕ್ಕಡಿ. ವಾರ್ಡಿನ ಪದ್ಧತಿ ಬದಲಾಗಿಲ್ಲ, ಜನ ಬದಲಾಗಿದ್ದಾರೆ: ಓದುವವರು ಸಿಸ್ಟರಮ್ಮ, ಬರೆಯುವವರು ಗಡಿಯಾರದವರು. ಮೊದಮೊದಲು ಅವರಿಗೆ ಮುಳ್ಳು ಕಾಣುತ್ತಿರಲಿಲ್ಲ, ಹೊಟ್ಟೆ ಅಡ್ಡ ಬರುತ್ತಿತ್ತು. ಮೂರು ತಿಂಗಳ ಕ್ಯಾರೆಟ್ಟಿನಿಂದ ಬೆಲ್ಟು ಮತ್ತೆ ಮೂರನೇ ತೂತಿಗೆ ಬಂದಿದೆ. ಈಗ ಬಗ್ಗಿದರೆ ಮುಳ್ಳು ನಿಚ್ಚಳವಾಗಿ ಕಾಣುತ್ತದೆ: ಅರವತ್ತೆರಡೂವರೆ.

"ಅರವತ್ತೈದು" ಎಂದು ಸಿಸ್ಟರಮ್ಮ ಓದುತ್ತಾರೆ, ಗಂಟಲು ಸರಿಮಾಡಿಕೊಂಡು. "ಇನ್ನೂ ಡಿಸ್ಚಾರ್ಜ್ ಮಾಡೋ ಹಾಗಿಲ್ಲ."

ಬರೆಯುವವರು ಓದುವವರನ್ನು ಅನುಮಾನಿಸಬಾರದು. ಗಡಿಯಾರದವರು ಎಂಟನೇ ಬೆಡ್ಡಿನ ಚಾರ್ಟಿನಲ್ಲಿ ದುಂಡಗೆ ಅರವತ್ತೈದೆಂದು ಬರೆದು, ನಾಳೆಯ ಕ್ಯಾರೆಟ್ಟನ್ನು ನೆನೆದು ಸಣ್ಣದಾಗಿ ಒಮ್ಮೆ ನರಳಿ, ಪೆನ್ನಿನ ಮುಚ್ಚಳ ಹಾಕುತ್ತಾರೆ.